ಹೆರಿಗೆ ಕೋಣೆಗೆ ಬಂದ ಚಿಗವ್ವ

ನಮ್ಮ ಅವ್ವ ಹಾಲು ಉಕ್ಕಿದರೂ ಅಳುವವಳು. ತಮಾಷೆಗೆ ಹೇಳುತ್ತಿಲ್ಲ. ನನ್ನ ಮದುವೆಯಲ್ಲಿ ಅತ್ತಳು, ಅದು ಸರಿ. ನನಗೆ ಕೆಲಸ ಸಿಕ್ಕಾಗ ಅತ್ತಳು, ಅದೂ ಇರಲಿ. ಮನೆಗೆ ಹೊಸ ಮಿಕ್ಸಿ ಬಂದ ದಿನ ಮೂಲೆ ಸೇರಿದ ಒಳಕಲ್ಲನ್ನು ನೋಡಿ ಅತ್ತಿದ್ದಳು. ಅಂಥವಳು ನನ್ನ ಹೆರಿಗೆಯ ಹೊತ್ತಿನಲ್ಲಿ ನನ್ನ ಪಕ್ಕ ನಿಂತು ಧೈರ್ಯ ಹೇಳುತ್ತಾಳೆ ಎಂದು ಮನೆಯಲ್ಲಿ ತೀರ್ಮಾನವಾದಾಗ, ನೋವಿನ ಚಿಂತೆಗಿಂತ ಅವ್ವನ ಚಿಂತೆಯೇ ನನಗೆ ದೊಡ್ಡದಾಯಿತು.

ಆಗ ನಾನು ಚೊಚ್ಚಲ ಹೆರಿಗೆಗೆಂದು ಕಂಪ್ಲಿಯ ತವರಿಗೆ ಬಂದಿದ್ದೆ. ನಾನೂ ನನ್ನ ಗಂಡನೂ ತೋರಣಗಲ್ಲಿನಲ್ಲಿ ಕೆಲಸಕ್ಕಿದ್ದು, ಹೊಸಪೇಟೆಯ ಟಿ.ಬಿ. ಡ್ಯಾಂ ರಸ್ತೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ತೋರಿಸಿಕೊಳ್ಳುತ್ತಿದ್ದದ್ದೂ ಹೊಸಪೇಟೆಯ ಒಂದು ಆಸ್ಪತ್ರೆಯಲ್ಲೇ. ನಮ್ಮ ಓಣಿಯ ಆಶಾ ಕಾರ್ಯಕರ್ತೆ ಒಂದು ದಿನ ಬಂದವಳು, ಈಗ ಅಲ್ಲಿ ಹೆರುವವಳ ಜೊತೆ ಒಬ್ಬ ಹೆಣ್ಣುಮಗಳು ಒಳಗೇ ಇರಬಹುದು, ಯಾರೆಂದು ಮೊದಲೇ ಗಟ್ಟಿಮಾಡಿಕೊಳ್ಳಿ ಎಂದಳು. ಮೊದಲೆಲ್ಲ ಹೆಣ್ಣನ್ನು ಒಳಗೆ ಬಿಟ್ಟು ಉಳಿದವರೆಲ್ಲ ಬಾಗಿಲಾಚೆ ನಿಂತು ಕಿವಿಗೊಡಬೇಕಿತ್ತು. ನನ್ನ ಗಂಡ ತಾನೂ ಬರಬಹುದೇ ಎಂದು ಫೋನಿನಲ್ಲಿ ಕೇಳಿದ. ಒಳಗೆ ಬೇರೆ ಹೆಣ್ಣುಮಕ್ಕಳೂ ಇರುತ್ತಾರೆ, ಗಂಡಸರಿಗೆ ಅಲ್ಲಿ ಜಾಗವಿಲ್ಲ ಎಂದದ್ದಕ್ಕೆ ಆತ ನಿಟ್ಟುಸಿರು ಬಿಟ್ಟ. ಅದು ಬೇಸರದ್ದೋ ಸಮಾಧಾನದ್ದೋ ಎಂದು ನಾನು ಇವತ್ತಿಗೂ ಕೇಳಿಲ್ಲ.

ಜೊತೆಗೆ ಯಾರು ಬೇಕು ಎಂದು ಆಶಾ ಕಾರ್ಯಕರ್ತೆ ನನ್ನನ್ನೇ ಕೇಳಿದಳು. ನಾನು ಯೋಚನೆ ಕೂಡ ಮಾಡಲಿಲ್ಲ. ಚಿಗವ್ವ ಎಂದೆ.

ಅವ್ವ ನನ್ನ ಕಡೆ ನೋಡದೆ ಎದ್ದು ಒಳಗೆ ಹೋದಳು. ಜಗಲಿಯ ಮೇಲೆ ಕುಳಿತಿದ್ದ ಪಕ್ಕದ ಮನೆಯ ಮುದುಕಿ, ಯಾರೂ ಕೇಳದಿದ್ದರೂ, ಬಂಜಿಗೇನು ಗೊತ್ತು ಹೆರಿಗಿ ಬ್ಯಾನಿ ಎಂದು ಗಾದೆ ಒಗೆದಳು.

ಚಿಗವ್ವ ಎಂದರೆ ನಮ್ಮಪ್ಪನ ತಮ್ಮನ ಹೆಂಡತಿ. ಒಂದೇ ಅಂಗಳ, ಎರಡು ಬಾಗಿಲು. ಕಂಪ್ಲಿ ಬಸ್ ನಿಲ್ದಾಣದ ಹತ್ತಿರ ಆಕೆಯದು ಮಂಡಕ್ಕಿ ಒಗ್ಗರಣೆ-ಮಿರ್ಚಿ ಬಂಡಿ. ರೈಸ್ ಮಿಲ್ಲಿನ ಹಮಾಲರು, ಕಬ್ಬಿನ ಟ್ರ್ಯಾಕ್ಟರಿನವರು, ಕಾಲೇಜಿನ ಹುಡುಗಿಯರು, ಡ್ರೈವರು ಕಂಡಕ್ಟರು ಎಲ್ಲರಿಗೂ ಆಕೆ ಬೈದೇ ತಟ್ಟೆ ಕೊಡುವುದು, ಅವರು ಬೈಸಿಕೊಂಡೇ ತಿನ್ನುವುದು. ಸಂಡೂರಿನ ಕಡೆಯ ಕೆಂಪು ಮಣ್ಣಿನ ಊರು ಆಕೆಯ ತವರು. ನಮ್ಮ ಕಂಪ್ಲಿಯಲ್ಲಿ ಏನಿದೆ, ಕೆಸರು ಮತ್ತು ಸೊಳ್ಳೆ ಎಂದು ಆಕೆ, ನಿಮ್ಮೂರಲ್ಲಿ ಏನಿದೆ, ಧೂಳು ಮತ್ತು ಲಾರಿ ಎಂದು ನಾವು. ಈ ಜಗಳ ನನಗೆ ಬುದ್ಧಿ ಬಂದಾಗಿನಿಂದ ನಡೆದಿದೆ. ಕುಡಿದು ಬಂದು ಗಲಾಟೆ ಮಾಡಿದವನೊಬ್ಬನನ್ನು ಎಣ್ಣೆ ತೊಟ್ಟಿಕ್ಕುವ ಸಟ್ಟುಗ ಹಿಡಿದು ನಿಲ್ದಾಣದ ಆ ತುದಿಯವರೆಗೆ ಓಡಿಸಿದ್ದನ್ನು ನಾನೇ ನೋಡಿದ್ದೇನೆ. ವಾಪಸು ಬರುವಷ್ಟರಲ್ಲಿ ಬಾಣಲೆಯಲ್ಲಿದ್ದ ಮಿರ್ಚಿ ಕರಕಾಗಿದ್ದವು. ಅದಕ್ಕೂ ಅವನನ್ನೇ ಬೈದಳು.

ಹೊಸ ಗಿರಾಕಿಗಳು, ಅದರಲ್ಲೂ ಹೆಂಗಸರು, ಮಾತಿಗೆ ಮಾತು ಬಂದು ಮಕ್ಕಳೆಷ್ಟವ್ವ ನಿನಗೆ ಎಂದು ಕೇಳುವುದಿತ್ತು. ಚಿಗವ್ವನ ಉತ್ತರ ಸದಾ ಒಂದೇ. ಬಂಡಿಯ ಮುಂದೆ ನಿಂತವರ ಕಡೆ ಕೈ ಮಾಡಿ, ನೋಡ್ರಲ್ಲ, ಸಾಲಾಗಿ ನಿಂತಾವ, ಎಲ್ಲಾವೂ ಹಸದಾವ ಎನ್ನುವಳು. ಎಲ್ಲರೂ ನಗುತ್ತಿದ್ದರು. ಕೇಳಿದವರು ಮತ್ತೆ ಕೇಳುತ್ತಿರಲಿಲ್ಲ.

ಆಕೆ ಮದುವೆಯಾಗಿ ಬಂದಾಗ ನಾನಿನ್ನೂ ಶಾಲೆಯ ಹುಡುಗಿ. ಒಂದು ಸಲ ಆಕೆ ಹೊಟ್ಟೆ ಹೊತ್ತು ತವರಿಗೆ ಹೋದದ್ದು ನೆನಪಿದೆ. ತಿಂಗಳು ತುಂಬಿತ್ತು. ಮರಳಿ ಬಂದಾಗ ಕೈಯಲ್ಲಿ ಬಟ್ಟೆಯ ಚೀಲವೊಂದೇ ಇತ್ತು. ಉಳೀಲಿಲ್ಲ ಎಂದರು ದೊಡ್ಡವರು. ಆಮೇಲೆ ಯಾರೂ ಆ ವಿಷಯ ಎತ್ತಲಿಲ್ಲ. ಎತ್ತದೆ ಇರುವುದೇ ಆಕೆಗೆ ಒಳ್ಳೆಯದು ಎಂದು ಎಲ್ಲರೂ ತಿಳಿದರು. ಮತ್ತೆ ಬಸಿರಾಗಲಿಲ್ಲ. ಹೀಗೆ ಯಾರೂ ಮಾತಾಡದೆ, ಯಾರೂ ಕೇಳದೆ, ವರ್ಷಗಳು ಹೋದಂತೆ ಆಕೆ ಊರವರ ಬಾಯಲ್ಲಿ ಬಂಜೆಯಾದಳು.

ನಮ್ಮಪ್ಪ ಬುದ್ಧನ ಫೋಟೊ ತಂದು ನಡುಮನೆಯಲ್ಲಿ ತೂಗುಹಾಕಿದ ದಿನದಿಂದ, ನಮ್ಮ ಮನೆಯಲ್ಲಿ ಮೂಢನಂಬಿಕೆ ಇಲ್ಲವೆಂದು ಊರಿಗೆಲ್ಲ ಹೇಳುತ್ತಾರೆ. ನಡುಮನೆಯ ಮಟ್ಟಿಗೆ ಅದು ನಿಜವೂ ಹೌದು. ಅಡುಗೆಮನೆಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ನನ್ನ ಕುಬಸದ, ಎಂದರೆ ಸೀಮಂತದ ದಿನ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮಕ್ಕಳೊಂದಿಗರೆಲ್ಲ ಒಬ್ಬೊಬ್ಬರಾಗಿ ಬಂದು ನನಗೆ ಉಡಿ ತುಂಬುವಾಗ ಚಿಗವ್ವ ಹಿತ್ತಲಿನಲ್ಲಿ ಬಂದವರಿಗೆಲ್ಲ ಮಿರ್ಚಿ ಕರಿಯುತ್ತಿದ್ದಳು. ಅಲ್ಲಿ ಹೋಗಿ ಕೂಡು ಎಂದು ಯಾರೂ ಹೇಳಿರಲಿಲ್ಲ. ನಮ್ಮ ಮನೆಯ ಪ್ರತಿ ಕುಬಸ, ಪ್ರತಿ ತೊಟ್ಟಿಲಿನ ದಿನ ಆಕೆ ತಾನಾಗಿಯೇ ಹಿತ್ತಲಿಗೆ ಹೋಗುತ್ತಿದ್ದಳು. ಒಲೆಯ ಮುಂದೆ ಕೂತವಳನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ.

ಅದಕ್ಕೇ ನನಗೆ ಸಿಟ್ಟಿತ್ತು. ನನ್ನ ಸಿಟ್ಟು ನಮ್ಮೋಣಿಗೆ ಹೊಸದೇನಲ್ಲ. ಅವ್ವನ ಹತ್ತಿರ ಜಗಳ ಮಾಡಿದೆ. ಅವ್ವ ಕೆಟ್ಟವಳಲ್ಲ, ಹೆದರುವವಳು. ಚೊಚ್ಚಲು, ಏನಾದರೂ ಹೆಚ್ಚುಕಮ್ಮಿಯಾದರೆ ಎಂದು ಅಳಲು ಶುರುಮಾಡಿದಳು. ಅಳುವವರ ಜೊತೆ ಜಗಳ ಮಾಡುವುದು ಹೇಗೆ? ಆಗಲಿ, ಚಿಗವ್ವ ಹೂಂ ಅಂದರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಆಕೆಯ ಬಾಗಿಲಿಗೆ ಹೋದೆ.

ಚಿಗವ್ವ ಮರುದಿನಕ್ಕೆ ಮೆಣಸಿನಕಾಯಿ ಸೀಳುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು. ಜಗತ್ತಿನಲ್ಲಿ ಯಾರಿಗೂ ಅಂಜದವಳು ಎಂದು ನಾನು ತಿಳಿದಿದ್ದ ಹೆಂಗಸು ತಲೆ ಎತ್ತಲಿಲ್ಲ.

"ಬ್ಯಾಡವ್ವ. ನನ್ನ ಕಾಲ್ಗುಣ ಛಲೋ ಇಲ್ಲ. ಏನರ ಆದ್ರ ನಿಮ್ಮವ್ವ ನನ್ನ ಮಕ ನೋಡಂಗಿಲ್ಲ. ನಾನೂ ನೋಡ್ಕೊಳ್ಳಂಗಿಲ್ಲ."

ಊರವರು ಅಂದರೆ ಊರವರ ಬಾಯಿ ಮುಚ್ಚಿಸಬಹುದು. ಅವರು ಅಂದದ್ದನ್ನು ಈಕೆಯೂ ನಂಬಿಕೊಂಡು ಕೂತಿದ್ದಾಳೆ ಎಂದು ನನಗೆ ಅಂದೇ ಗೊತ್ತಾದದ್ದು. ಖಾರದ ಕೈಯಿಂದ ನನ್ನನ್ನು ಮುಟ್ಟಬಾರದೆಂದು ಆಕೆ ಮೊಣಕೈಯಿಂದಲೇ ನನ್ನನ್ನು ಬಾಗಿಲ ಕಡೆ ನೂಕಿ, ಹೋಗು, ಬಿಸಿ ಇದ್ದಾಗ ಉಣ್ಣು ಎಂದಳು. ಹೆರಿಗೆಯ ಕೋಣೆಗೆ ಅವ್ವನೇ ಬರುವುದೆಂದಾಯಿತು.

ನೋವು ಬಂದದ್ದು ಒಂದು ಬೆಳಗಿನ ಜಾವ. ಪಕ್ಕದ ಮನೆಯವರ ಕಾರಿನಲ್ಲಿ ಹೊರಟೆವು. ಕಾರು ತಿರುಗುವಾಗ ಚಿಗವ್ವ ತನ್ನ ಬಾಗಿಲಲ್ಲಿ ನಿಂತಿದ್ದಳು. ಹತ್ತಿರ ಬರಲಿಲ್ಲ. ಶುಭಕ್ಕೆ ಹೊರಟಾಗ ಎದುರು ಬರಬಾರದೆಂದು ಅರ್ಧ ಬಾಗಿಲ ಮರೆಗೆ ಸರಿದು ನಿಂತಿದ್ದಳು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಿಂದೆ ಹಾಕಲು ಬಿಡಲಿಲ್ಲ. ಕಮಲಾಪುರ ದಾಟುವಷ್ಟರಲ್ಲಿ ಅವ್ವನ ಸೆರಗು ಪೂರ್ತಿ ಒದ್ದೆಯಾಗಿತ್ತು. ಡ್ರೈವರು ಯಾರಿಗೆ ನೋವು ಬಂದಿದೆ ಎಂದು ಎರಡೆರಡು ಸಲ ತಿರುಗಿ ನೋಡಿದ.

ಆಸ್ಪತ್ರೆಯಲ್ಲಿ ಅವ್ವನಿಗೆ ಮೇಲಂಗಿ, ಬೇರೆ ಚಪ್ಪಲಿ ಕೊಟ್ಟು ಒಳಗೆ ಬಿಟ್ಟರು. ಪಾಪ, ಪ್ರಯತ್ನ ಮಾಡಲಿಲ್ಲ ಎಂದು ಹೇಳಲಾರೆ. ನಾನು ಒಮ್ಮೆ ನರಳಿದರೆ ಅವಳು ಎರಡು ಸಲ ನರಳುತ್ತಿದ್ದಳು. ನಾನು ಕೂಗಿದರೆ ಗೋಡೆಗೆ ತಲೆ ಆನಿಸಿ ಬಿಕ್ಕುತ್ತಿದ್ದಳು. ಪಕ್ಕದ ಮಂಚದ ಹೆಣ್ಣುಮಗಳು ತನ್ನ ನೋವು ಬಿಟ್ಟು ನಮ್ಮವ್ವನಿಗೆ ಸಮಾಧಾನ ಹೇಳತೊಡಗಿದಳು. ಕೊನೆಗೆ ನರ್ಸಮ್ಮ ಬಂದು, ಹೆರುವವರು ನೀವೋ ಅವರೋ ಎಂದು ಕೇಳಿ, ಹೊರಗೆ ಧೈರ್ಯವಿರುವವರು ಯಾರಾದರೂ ಇದ್ದರೆ ಕಳಿಸಿ, ನೀವು ಸ್ವಲ್ಪ ಗಾಳಿಗೆ ಕುಳಿತುಕೊಳ್ಳಿ ಎಂದರು. ಅವ್ವ ನನ್ನ ಮುಖ ನೋಡಿದಳು. ನಾನು ಹೇಳುವುದನ್ನೆಲ್ಲ ಮೊದಲೇ ಹೇಳಿಯಾಗಿತ್ತು.

ಹೊರಗೆ ನಡೆದದ್ದನ್ನು ನನ್ನ ಗಂಡ ಆಮೇಲೆ ಹೇಳಿದ. ಚಿಗವ್ವ ಅಂದು ಬಂಡಿಯ ಒಲೆಯನ್ನೇ ಹಚ್ಚಿರಲಿಲ್ಲ. ಬಂಡಿಗೆ ಟಾರ್ಪಾಲು ಹೊದಿಸಿ ನಮ್ಮ ಹಿಂದೆಯೇ ಬಸ್ಸು ಹತ್ತಿ ಬಂದು, ಆಸ್ಪತ್ರೆಯ ಗೇಟಿನಾಚೆ ಬೇವಿನ ಮರದ ಬುಡಕ್ಕೆ ಗಂಜಿಯ ಫ್ಲಾಸ್ಕು ಇಟ್ಟುಕೊಂಡು ಕುಳಿತಿದ್ದಳಂತೆ. ಒಳಗೆ ಬನ್ನಿ ಎಂದು ಈತ ಕರೆದರೆ, ಇಲ್ಲೇ ಗಾಳಿ ಚೆನ್ನಾಗಿದೆ ಎಂದಳಂತೆ. ಅವ್ವ ಕಣ್ಣು ಒರೆಸಿಕೊಳ್ಳುತ್ತ ಬಂದವಳು ಈತನನ್ನೂ ನೋಡದೆ, ಅಪ್ಪನನ್ನೂ ನೋಡದೆ, ಗೇಟು ದಾಟಿ ಸೀದಾ ಮರದ ಬುಡಕ್ಕೆ ಹೋಗಿ ಚಿಗವ್ವನ ರಟ್ಟೆ ಹಿಡಿದಳು.

"ನಡಿ ತಂಗಿ. ನನ್ನ ಕೈಲಿ ಆಗವಲ್ದು. ಆಕಿ ನಿನ್ನನ್ನ ಕೇಳಿದ್ಲು."

ಚಿಗವ್ವ ಕೈ ಬಿಡಿಸಿಕೊಳ್ಳಲು ನೋಡಿದಳಂತೆ. ಅವ್ವ ಬಿಡಲಿಲ್ಲ. ಅಷ್ಟು ಗಟ್ಟಿಯಾಗಿ ಅವ್ವ ಏನನ್ನಾದರೂ ಹಿಡಿದದ್ದನ್ನು ತಾನು ನೋಡಿರಲೇ ಇಲ್ಲ ಎಂದು ಅಪ್ಪ ಈಗಲೂ ಹೇಳುತ್ತಾರೆ.

ಬಾಗಿಲವರೆಗೆ ಬಂದರು. ಅಲ್ಲಿ ಇನ್ನೊಂದು ತೊಡಕು. ಒಳಗೆ ಬರುವವರು ಒಮ್ಮೆಯಾದರೂ ಹೆತ್ತವರಾಗಿರಬೇಕು ಎಂಬುದು ಅಲ್ಲಿಯ ನಿಯಮ. ನೋವು ತಿಳಿಯದವರು ನೋಡಿ ಗಾಬರಿಯಾಗುತ್ತಾರೆ ಎಂದು ಇರಬೇಕು. ಕಾಯ್ದೆಯ ಮಾತೂ ನಮ್ಮೋಣಿಯ ಮುದುಕಿಯ ಗಾದೆಯೂ ಒಂದೇ ಆಗಿ ಬಾಗಿಲಿಗೆ ಅಡ್ಡ ನಿಂತವು. ಪರದೆಯ ಸಂದಿನಿಂದ ನನಗೆ ಚಿಗವ್ವನ ಅರ್ಧ ಮುಖ ಕಾಣುತ್ತಿತ್ತು. ನರ್ಸಮ್ಮ ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದರು, ಮಕ್ಕಳೆಷ್ಟು ಎಂದು.

ಆಕೆಯ ಉತ್ತರ ನನಗೆ ಗೊತ್ತಿತ್ತು. ಸಾಲಾಗಿ ನಿಂತಾವ, ಹಸದಾವ. ನೋವಿನ ನಡುವೆಯೂ ಆ ಮಾತಿಗೆ ಕಾದೆ. ಅದು ಬರಲಿಲ್ಲ.

"ಹೆತ್ತೀನ್ರಿ," ಅಂದಳು ಚಿಗವ್ವ. "ಒಂದು. ಉಳೀಲಿಲ್ಲ. ಆದ್ರ ಹೆತ್ತೀನ್ರಿ, ತಿಂಗಳು ತುಂಬಿಸಿಕೊಂಡ ಹೆತ್ತೀನಿ."

ನರ್ಸಮ್ಮ ಮೇಲಂಗಿಯನ್ನು ತಾವೇ ಬಿಡಿಸಿ ಆಕೆಯ ಹೆಗಲಿಗೆ ಹಾಕಿ, ಬರ್ರಿ ಅಮ್ಮ ಎಂದರು. ಹಿಂದೆ ನಿಂತಿದ್ದ ಅವ್ವ ಚಿಗವ್ವನನ್ನೇ ನೋಡುತ್ತಿದ್ದಳು. ಆ ದಿನದಲ್ಲಿ ಅವ್ವ ಅಳದೆ ಇದ್ದ ಹೊತ್ತು ಅದೊಂದೇ.

ಒಳಗೆ ಬಂದ ಚಿಗವ್ವ ಹೆದರಿದ್ದಳು. ಇದನ್ನು ಹೇಳಲೇಬೇಕು. ಧೈರ್ಯವಂತರಿಗೆ ಭಯ ಇರುವುದಿಲ್ಲ ಎಂದು ಯಾರೋ ತಿಳಿಯದವರು ಹೇಳಿರಬೇಕು. ಆಕೆ ನನ್ನ ಮಂಚದ ಕಂಬಿಯನ್ನು ಹಿಡಿದು ನಿಂತು, ಕೋಣೆಯನ್ನು ಸುತ್ತ ನೋಡಿ, ನನ್ನ ಸೊಂಟದ ಮೇಲೆ ಕೈ ಇಟ್ಟಳು. ಆ ಕೈಯಲ್ಲಿ ಅಜವಾನದ ವಾಸನೆ ಇತ್ತು. ಎಷ್ಟು ತೊಳೆದರೂ ಹೋಗುವುದಿಲ್ಲ ಅದು. ನನ್ನ ಬಾಲ್ಯದ ಸಂಜೆಗಳೆಲ್ಲ ಆ ವಾಸನೆಯವೇ. ಅರ್ಧ ಭಯ ಅಲ್ಲೇ ಇಳಿಯಿತು.

ಡಾಕ್ಟರು, ನರ್ಸಮ್ಮಂದಿರು ಮಾಡಬೇಕಾದ್ದನ್ನು ಅವರೇ ಮಾಡಿದರು. ಚೆನ್ನಾಗಿಯೇ ಮಾಡಿದರು. ಅವರಿಗೆ ನೋಡಬೇಕಾದ ಮಂಚಗಳು ಬಹಳ ಇದ್ದವು. ಚಿಗವ್ವನಿಗೆ ಇದ್ದದ್ದು ನಾನೊಬ್ಬಳೇ. ಉಸಿರು ಬಿಗಿಹಿಡಿಯಬೇಡ, ಬಾಯಿಂದ ಬಿಡು ಎಂದು ನರ್ಸಮ್ಮ ಹೇಳಿದ್ದು ನನ್ನ ತಲೆಗೆ ಹೋಗುತ್ತಿರಲಿಲ್ಲ. ಚಿಗವ್ವ ನನ್ನ ಕಿವಿಯ ಹತ್ತಿರ ಬಗ್ಗಿ, ಮಿರ್ಚಿ ಖಾರ ಹತ್ತಿದಾಗ ಹೇಗೆ ಬಿಡುತ್ತೀ, ಹಾಗೆ ಬಿಡು ಎಂದಳು. ತಾನೇ ಬಾಯಿ ತೆರೆದು ಹಾ, ಹಾ ಎಂದು ಮಾಡಿ ತೋರಿಸಿದಳು. ಆಕೆಯ ಮಿರ್ಚಿ ತಿಂದು ಬೆಳೆದವಳಿಗೆ ಅದನ್ನು ಕಲಿಸಬೇಕೇ? ಸ್ವಲ್ಪ ಹೊತ್ತಿಗೆ ಪಕ್ಕದ ಮಂಚದವಳೂ ಹಾ, ಹಾ ಎನ್ನತೊಡಗಿದಳು. ನೋವು ಬಿಟ್ಟಾಗ ನನ್ನನ್ನು ಎಬ್ಬಿಸಿ ಹಿಡಿದು ಆ ಗೋಡೆಯಿಂದ ಈ ಗೋಡೆಗೆ ನಡೆಸುವಳು. ನಡೆಸುತ್ತ ಬಾಯಿಗೆ ಬಿಡುವು ಕೊಡುತ್ತಿರಲಿಲ್ಲ. ಹೊರಗೆ ನಿನ್ನ ಗಂಡ ಚಾ ಕುಡಿದು ಕುಡಿದು ಹೊಟ್ಟೆ ಉಬ್ಬಿಸಿಕೊಂಡಿದ್ದಾನೆ, ಆತನಿಗೂ ಇಲ್ಲೊಂದು ಮಂಚ ಹಾಕಿಸಬೇಕು ಎಂದಾಗ ನರ್ಸಮ್ಮ ಕೂಡ ನಕ್ಕರು.

ಮಧ್ಯಾಹ್ನ ದಾಟಿದ ಮೇಲೆ ನಗು ಎಲ್ಲ ಮುಗಿಯಿತು. ನನ್ನ ಕೈಲಿ ಆಗುವುದಿಲ್ಲ, ನನ್ನನ್ನು ಬಿಟ್ಟುಬಿಡಿ ಎಂದು ಕೂಗಿದ್ದು ನೆನಪಿದೆ. ಆಗುತ್ತದೆ, ಧೈರ್ಯ ತಂದುಕೋ ಎಂದು ಚಿಗವ್ವ ಹೇಳಲಿಲ್ಲ. ಆಗುತ್ತದೋ ಇಲ್ಲವೋ ಆಕೆಗೆ ಏನು ಗೊತ್ತು? ತನಗೆ ಗೊತ್ತಿದ್ದುದನ್ನಷ್ಟೇ ಹೇಳಿದಳು.

"ನಾ ಎಲ್ಲೂ ಹೋಗಂಗಿಲ್ಲ. ಇಲ್ಲೇ ಅದೀನಿ ನೋಡು."

ಎಷ್ಟು ಸಲ ಹೇಳಿದಳೋ. ಪ್ರತಿ ಸಲವೂ ಮೊದಲ ಸಲದ ಹಾಗೇ ಹೇಳಿದಳು. ನಾನು ಆಕೆಯ ಮಣಿಕಟ್ಟನ್ನು ಉಗುರಿನಿಂದ ಗೀರಿದ್ದೆ, ರಕ್ತ ಬಂದಿತ್ತು. ಕೈ ಸರಿಸಲಿಲ್ಲ. ನಾನು ಕಣ್ಣು ತೆರೆದಾಗಲೆಲ್ಲ ಆ ಮುಖ ಅಲ್ಲೇ ಇತ್ತು. ಮೆಚ್ಚುವುದು ಎಂದರೆ ಏನೆಂದು ನನಗೆ ಯಾರಾದರೂ ಕೇಳಿದರೆ ಆ ಮಧ್ಯಾಹ್ನವನ್ನು ಹೇಳುತ್ತೇನೆ. ತನ್ನ ಬದುಕಿನ ಅತಿ ಕೆಟ್ಟ ದಿನ ಕಳೆದಂಥದ್ದೇ ಕೋಣೆಗೆ ಒಬ್ಬಳು ಇನ್ನೊಬ್ಬಳಿಗಾಗಿ ಮರಳಿ ಬಂದು, ಹೊತ್ತು ಇಳಿಯುವವರೆಗೆ ನಿಂತಿದ್ದಳು.

ಮಗು ಹೊರಬಂದಾಗ ತಕ್ಷಣ ಅಳಲಿಲ್ಲ. ಬಹಳ ಹೊತ್ತಲ್ಲ, ಒರೆಸಿ ಬೆನ್ನು ಸವರುವಷ್ಟು ಹೊತ್ತು. ನನ್ನ ಕೈ ಹಿಡಿದಿದ್ದ ಚಿಗವ್ವನ ಕೈ ತಣ್ಣಗಾಯಿತು. ಬೆಳಗಿನಿಂದ ನಿಲ್ಲದ ಆಕೆಯ ಬಾಯಿ ನಿಂತಿತು. ಆಮೇಲೆ ಮಗು ಅತ್ತಿತು. ಕೋಣೆ ಕಿತ್ತುಹೋಗುವ ಹಾಗೆ ಅತ್ತಿತು. ಚಿಗವ್ವ ನನ್ನ ಹಣೆಗೆ ತನ್ನ ಹಣೆ ಹಚ್ಚಿ, ಅಳಾಕತ್ತೈತಿ, ಅಳಾಕತ್ತೈತಿ ಎಂದು ಅದನ್ನೇ ಹೇಳುತ್ತಿದ್ದಳು. ಅವಳ ಕಣ್ಣೀರು ನನ್ನ ಕಿವಿಗೆ ಇಳಿಯುತ್ತಿತ್ತು. ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಗುವನ್ನು ಬಟ್ಟೆಯಲ್ಲಿ ಸುತ್ತಿ ಆಕೆಯ ಕೈಗೇ ಕೊಟ್ಟರು. ಮೊದಲು ಯಾರು ಎತ್ತಿಕೊಳ್ಳಬೇಕು, ಯಾರು ಎತ್ತಿಕೊಳ್ಳಬಾರದು ಎಂದು ನಮ್ಮ ಮನೆಯಲ್ಲಿ ಇದ್ದ ಲೆಕ್ಕಾಚಾರವೆಲ್ಲ ಅಲ್ಲಿಗೆ ಮುಗಿಯಿತು. ಗಂಡುಮಗು. ತನ್ನಪ್ಪನ ಮೂಗು, ನಮ್ಮವ್ವನ ಗಂಟಲು. ಹೆತ್ತವರಿಗೆ ಹೆಗ್ಗಣ ಮುದ್ದು, ನನ್ನ ಮಾತು ಬಿಡಿ. ಚಿಗವ್ವನೇ ಹೇಳಿದಳು ಇಷ್ಟು ಚಂದದ ಮಗು ಕಂಪ್ಲಿಯಲ್ಲಿ ಹುಟ್ಟಿಲ್ಲ ಎಂದು. ಹುಟ್ಟಿದ್ದು ಹೊಸಪೇಟೆಯಲ್ಲಿ ಎಂದು ನರ್ಸಮ್ಮ ತಿದ್ದಿದರು.

ಬಾಣಂತನದಲ್ಲಿ ನನಗೆ ಎಣ್ಣೆ ಹಚ್ಚಿ ಎರೆಯುವುದು ಅವ್ವ ಮತ್ತು ಚಿಗವ್ವ ಇಬ್ಬರದೂ ಕೆಲಸವಾಯಿತು. ಒಂದು ಮುಂಜಾನೆ ಚಿಗವ್ವ ನನ್ನ ಬೆನ್ನಿಗೆ ಬಿಸಿನೀರು ಹೊಯ್ಯುತ್ತಿದ್ದಳು, ಅವ್ವ ಹಂಡೆಯ ಒಲೆಗೆ ಕಟ್ಟಿಗೆ ನೂಕುತ್ತಿದ್ದಳು. ಅವ್ವ ತಲೆ ಎತ್ತದೆ, ಒಲೆಯನ್ನೇ ಕೇಳುವ ಹಾಗೆ, ಅವತ್ತು ನಿನಗೆ ಹುಟ್ಟಿದ್ದು ಹೆಣ್ಣೋ ಗಂಡೋ ಎಂದು ಕೇಳಿದಳು.

ಚಿಗವ್ವನ ಕೈಯಲ್ಲಿದ್ದ ಚೊಂಬು ನಿಂತಿತು. ಇಷ್ಟು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ. ಹೆಣ್ಣು ಎಂದಳು. ನೋಡಲು ಕೊಡಲಿಲ್ಲ, ನೋಡಿದರೆ ಮರೆಯುವುದು ಕಷ್ಟ ಎಂದು ಮನೆಯವರೇ ಬೇಡ ಎಂದರಂತೆ. ಒಳಗೆ ಬಿಡದಿದ್ದುದಕ್ಕೆ ಆಕೆಯ ತಾಯಿ ಬಾಗಿಲಾಚೆ ನಿಂತು ಹೆಸರು ಹಿಡಿದು ಕರೆಯುತ್ತಿದ್ದಳಂತೆ, ಅದೂ ಆಮೇಲೆ ಕೇಳಿಸದಾಯಿತಂತೆ. ಯಾರದೂ ತಪ್ಪಲ್ಲ, ಒಳಗೇ ಉಸಿರು ಹೋಗಿತ್ತು ಎಂದು ಡಾಕ್ಟರು ಹೇಳಿದರು ಎಂದಳು. ಸ್ವಲ್ಪ ತಡೆದು ಇನ್ನೊಂದು ಮಾತು ಹೇಳಿದಳು.

"ಅವತ್ತು ನನ್ನ ಕೈ ಯಾರರ ಹಿಡದಿದ್ರ ಕೂಸು ಉಳೀತಿತ್ತು ಅಂತಲ್ಲಕ್ಕ. ನಾ ಒಬ್ಬಾಕಿ ಇರ್ತಿದ್ದಿಲ್ಲ, ಅಷ್ಟ."

ಅವ್ವ ಅತ್ತಳು. ಅಳಬ್ಯಾಡಕ್ಕ, ಒಲಿ ಆರತೈತಿ ಎಂದು ಚಿಗವ್ವ ಬೈದು, ಮತ್ತೆ ನೀರು ಹೊಯ್ಯತೊಡಗಿದಳು.

ತೊಟ್ಟಿಲಿನ ದಿನ ಬಂತು. ಮನೆ ತುಂಬ ಜನ. ಚಿಗವ್ವ ಎಂದಿನಂತೆ ಹಿತ್ತಲಿನಲ್ಲಿ ಬಾಣಲೆ ಇಟ್ಟಿದ್ದಳು. ತೊಟ್ಟಿಲ ಮುಂದೆ ಹೆಂಗಸರು ಸೇರಿದಾಗ ಅವ್ವ ಹಿತ್ತಲಿಗೆ ಹೋಗಿ ಆಕೆಯನ್ನು ಕೈ ಹಿಡಿದೇ ಕರೆತಂದಳು, ಹಿಟ್ಟಿನ ಕೈ ತೊಳೆಯಲೂ ಬಿಡಲಿಲ್ಲ. ನನಗೆ ಅತ್ತೆ ಇಲ್ಲ. ಗಂಡನ ಕಡೆಯಿಂದ ಆತನ ಸೋದರತ್ತೆ ಬಂದಿದ್ದರು, ನಮ್ಮ ಮನೆಗೆ ಅದೇ ಮೊದಲು. ಮಗುವನ್ನು ತೊಟ್ಟಿಲಿಗೆ ಹಾಕಲು ಅವ್ವ ಚಿಗವ್ವನ ಕೈಗೆ ಕೊಟ್ಟದ್ದನ್ನು ನೋಡಿ, ಯಾರೆಂದು ತಿಳಿದುಕೊಳ್ಳುವ ಆಸೆಯಿಂದ, ಬೇರೆ ಏನೂ ಮನಸ್ಸಿನಲ್ಲಿಲ್ಲದೆ ಕೇಳಿದರು.

"ನಿನಗ ಮಕ್ಕಳೆಷ್ಟವ್ವ?"

ಪಕ್ಕದ ಮನೆಯ ಮುದುಕಿ ನೆಲ ನೋಡಿದಳು. ಚಿಗವ್ವ ನಗಲು ಬಾಯಿ ತೆರೆದಳು. ಸಾಲಾಗಿ ನಿಂತಾವ ಎನ್ನುವ ಮಾತು ಆಕೆಯ ತುಟಿಯವರೆಗೆ ಬಂದದ್ದು ನನಗೆ ಕಂಡಿತು. ಅದು ಹೊರಡುವ ಮೊದಲೇ ಅವ್ವ ಉತ್ತರ ಕೊಟ್ಟಳು. ಅಳದೆ, ಎಲ್ಲರಿಗೂ ಕೇಳುವ ಹಾಗೆ.

"ಒಂದ್ರಿ. ಹೆಣ್ಣು."

ಸೋದರತ್ತೆ ಒಳ್ಳೆಯದಾಯಿತು ಎನ್ನುವಂತೆ ತಲೆಯಾಡಿಸಿದರು. ಚಿಗವ್ವ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಹಗ್ಗ ಹಿಡಿದು ತೂಗುತ್ತ ನಿಂತಳು. ಹಿತ್ತಲಿನಲ್ಲಿ ಎಣ್ಣೆ ಕಾಯುತ್ತಲೇ ಇತ್ತು. ಉಳಿದ ಮಿರ್ಚಿ ಕರಿಯಲು ಅಂದು ಅವ್ವ ಹೋದಳು. ಎಲ್ಲವನ್ನೂ ಕರಕು ಮಾಡಿ ತಂದಳು. ಯಾರೂ ಏನೂ ಹೇಳದೆ ತಿಂದೆವು.